ಓದುಗರ ಪ್ರಶ್ನೆ: ಗಾಳಿಮಳೆಯ ದಿನ ಓಟಕ್ಕೆ ಹೊರಟರೆ

ಮಳೆಗಾಲದ ಓಟಗಳ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಮಳೆಯಲ್ಲಿ ಓಡಬಹುದೇ? ಕರಾವಳಿಯವರು ಇದನ್ನು ಕೇಳಬೇಕಾಗಿಯೇ ಇಲ್ಲ. ಮಳೆ ಬಿಡಲಿ ಎಂದು ಕೂತರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಶೂ ಹಾಕುವ ಹಾಗೇ ಇಲ್ಲ. ಬರೀ ನೆನೆದದ್ದಕ್ಕೆ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಏಟು ಬೀಳುವುದು ಗಾಳಿಯಿಂದ, ಸಿಡಿಲಿನಿಂದ, ನೀರಿನಡಿ ಕಾಣದ ನೆಲದಿಂದ, ಮತ್ತೆ ಓಟ ಮುಗಿದ ಮೇಲೆ ಒದ್ದೆ ಅಂಗಿಯಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುವುದರಿಂದ. ಈ ಸಲದ ಉತ್ತರಗಳೆಲ್ಲ ಈ ನಾಲ್ಕರ ಸುತ್ತವೇ ಇವೆ.

ಆದಿತ್ಯವಾರ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಜಿಲ್ಲೆಗೆ ಆರೆಂಜ್ ಅಲರ್ಟ್ ಇದೆ, ಹೋಗುವುದು ಬೇಡ ಎಂದು ಮನೆಯಲ್ಲಿ ಹೇಳುತ್ತಾರೆ. ಏನು ಮಾಡಲಿ?
— ಕುಂಜಿಬೆಟ್ಟು, ಉಡುಪಿ

ಮೊದಲು ಆ ಬಣ್ಣದ ಅರ್ಥ ನೋಡೋಣ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ, ಅದಕ್ಕೂ ಮೇಲಿನದು ಅತ್ಯಂತ ಭಾರೀ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಿಗೆ ಬರುವ ಯೆಲ್ಲೊ, ಆರೆಂಜ್, ರೆಡ್ ಹೆಚ್ಚುಕಡಿಮೆ ಈ ಮೂರು ಮೆಟ್ಟಿಲಿಗೆ ಹೊಂದಿಕೊಂಡೇ ಇರುತ್ತವೆ. ಆದರೆ ಅದು ಇಡೀ ಜಿಲ್ಲೆಗೆ, ಇಡೀ ದಿನಕ್ಕೆ ಹೇಳಿದ ಮಾತು. ಬೈಂದೂರಿನಲ್ಲಿ ಸುರಿದು ಪಡುಬಿದ್ರಿಯಲ್ಲಿ ಬಿಸಿಲು ಬಂದರೂ ಅಲರ್ಟ್ ಸುಳ್ಳಾಗುವುದಿಲ್ಲ. 120 ಮಿ.ಮೀ. ಮಳೆ ದಿನವಿಡೀ ಜಿಟಿಜಿಟಿ ಬಿದ್ದರೆ ಓಡುವವರಿಗೆ ಏನೂ ಅಲ್ಲ. ಅದೇ ಮಳೆ ಬೆಳಗಿನ ಜಾವ ಎರಡು ಗಂಟೆಯಲ್ಲಿ ಸುರಿದರೆ ಕಲ್ಸಂಕದಲ್ಲಿ ತೋಡು ಯಾವುದು, ರಸ್ತೆ ಯಾವುದು ಎಂದು ಗೊತ್ತಾಗುವುದಿಲ್ಲ. 2020ರ ಸೆಪ್ಟೆಂಬರ್ 20 ನೆನಪಿರಬಹುದು. ಒಂದು ರಾತ್ರಿಯ ಮಳೆಗೆ ಉಡುಪಿಯ ತಗ್ಗು ಪ್ರದೇಶಗಳೆಲ್ಲ ಮುಳುಗಿದ್ದವು. ಅದೂ ಆದಿತ್ಯವಾರವೇ.

ಆದ್ದರಿಂದ ಶನಿವಾರದ ಬಣ್ಣ ನೋಡಿ ಸಿದ್ಧತೆ ಮಾಡಿಕೊಳ್ಳಿ, ಹೋಗಬೇಕೇ ಬೇಡವೇ ಎಂಬುದನ್ನು ಆದಿತ್ಯವಾರ ಬೆಳಿಗ್ಗೆ ನಿರ್ಧರಿಸಿ. ಮುಂದಿನ ಮೂರು ಗಂಟೆಗೆಂದೇ ಇಲಾಖೆ ಕೊಡುವ ತಕ್ಷಣದ ಮುನ್ಸೂಚನೆಯನ್ನು ಮನೆ ಬಿಡುವ ಮೊದಲು ಒಮ್ಮೆ ನೋಡಿ. ಆಮೇಲೆ ಅಂಗಳಕ್ಕೆ ಬಂದು ತೆಂಗಿನ ಮರದ ತಲೆ ನೋಡಿ. ಮಡಲು ಅಲ್ಲಾಡುತ್ತಿದ್ದರೆ ಚಿಂತೆಯಿಲ್ಲ. ಸಣ್ಣ ಮರಗಳು ಬುಡದಿಂದಲೇ ತೂಗತೊಡಗಿದರೆ ಗಾಳಿ ಗಂಟೆಗೆ 30ರಿಂದ 38 ಕಿ.ಮೀ. ಇದೆ ಎಂದು ಲೆಕ್ಕ. ದಪ್ಪ ಕೊಂಬೆಗಳೂ ಓಲಾಡುತ್ತಿದ್ದರೆ, ಕೊಡೆ ಹಿಡಿದು ನಿಲ್ಲುವುದೇ ಕಷ್ಟವಾದರೆ, 40 ದಾಟಿದೆ. ಅಂಥ ಗಾಳಿಯಲ್ಲಿ ಒಣಗಿದ ಮಡಲು, ಕಾಯಿ, ಫ್ಲೆಕ್ಸ್‌ನ ಚೌಕಟ್ಟು ಎಲ್ಲವೂ ಕೆಳಗೆ ಬರುತ್ತವೆ. ಆಗ ಮನೆಯವರ ಮಾತೇ ಸರಿ.

ರೆಡ್ ಅಲರ್ಟ್ ಇದ್ದರೆ ಇಷ್ಟೆಲ್ಲ ಲೆಕ್ಕ ಬೇಡ. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುವಂಥ ದಿನ ಓಟವೂ ಇರಬಾರದು. ಸಂಘಟಕರು ರದ್ದು ಮಾಡದಿದ್ದರೆ ಅದು ಅವರ ತಪ್ಪು. ಕೊಟ್ಟ ಶುಲ್ಕ ಹೋದರೆ ಹೋಯಿತು ಅಂದುಕೊಳ್ಳಿ.

ಓಡುತ್ತಿರುವಾಗ ಗುಡುಗಿದರೆ ಓಟ ನಿಲ್ಲಿಸಬೇಕೇ? ಎಷ್ಟು ದೂರದ ಗುಡುಗಿಗೆ ಹೆದರಬೇಕು?
— ಬಿಜೈ, ಮಂಗಳೂರು

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗೆ ಇದೆ ಎಂದು ಅರ್ಥ. ಇಷ್ಟು ದೂರದ ಮೋಡದಿಂದ ಮುಂದಿನ ಸಿಡಿಲು ನಿಮ್ಮ ತಲೆಯ ಮೇಲೆಯೇ ಬೀಳಬಹುದು, ಮಳೆ ಇನ್ನೂ ನಿಮ್ಮಲ್ಲಿಗೆ ಮುಟ್ಟಿರದಿದ್ದರೂ. ಹಾಗಾಗಿ ಅಲ್ಲಿಗೇ ಓಟ ನಿಲ್ಲಿಸಬೇಕು. ಇನ್ನು ಒಂದೇ ಕಿಲೋಮೀಟರ್ ಉಳಿದದ್ದು ಎಂಬ ಲೆಕ್ಕ ಬೇಡ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬಾರದು. 20ನೇ ನಿಮಿಷದಲ್ಲಿ ಮತ್ತೆ ಗುಡುಗಿದರೆ ಎಣಿಕೆ ಪುನಃ ಮೊದಲಿನಿಂದ.

ಎಲ್ಲಿಗೆ ಓಡಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ನಾಲ್ಕು ಗೋಡೆ, ವಯರಿಂಗ್, ನೀರಿನ ಪೈಪು ಇರುವ ಕಾಂಕ್ರೀಟ್ ಕಟ್ಟಡದ ಒಳಗೆ ಹೋಗಬೇಕು. ಇಲ್ಲದಿದ್ದರೆ ಗಾಜು ಏರಿಸಿದ ಕಾರು, ಬಸ್ಸು ಆದೀತು. ಬಸ್ಸು ನಿಲ್ದಾಣದ ತಗಡಿನ ಮಾಡು, ಶಾಮಿಯಾನ, ಗೂಡಂಗಡಿಯ ಚಪ್ಪರ ಇವು ಮಳೆ ತಡೆಯುತ್ತವೆ, ಸಿಡಿಲು ತಡೆಯುವುದಿಲ್ಲ. ಮರದಡಿ ಅಂತೂ ಬೇಡವೇ ಬೇಡ. ನೆಹರೂ ಮೈದಾನದಂಥ ಬಯಲು, ಪಣಂಬೂರು–ತಣ್ಣೀರುಬಾವಿಯ ಮರಳು ದಂಡೆ, ಕದ್ರಿ ಗುಡ್ಡದ ತುದಿ, ಮೂರೂ ಕಡೆ ಎತ್ತರಕ್ಕೆ ನಿಂತದ್ದು ನೀವೇ ಆಗುತ್ತೀರಿ. ಹತ್ತಿರ ಏನೂ ಇಲ್ಲವೆಂದಾದರೆ ತಗ್ಗು ಜಾಗದಲ್ಲಿ, ನೀರು ನಿಲ್ಲದಲ್ಲಿ, ಪಾದ ಎರಡನ್ನೂ ಜೋಡಿಸಿ ಕುಕ್ಕರಗಾಲಲ್ಲಿ ಕುಳಿತು ತಲೆ ಬಗ್ಗಿಸಿ. ಮಲಗಬೇಡಿ. ಗುಂಪಾಗಿದ್ದರೆ ಒಬ್ಬರಿಂದೊಬ್ಬರು 15–20 ಮೀಟರ್ ದೂರ ಸರಿಯಿರಿ. ಇದು ಬೇರೆ ದಾರಿಯೇ ಇಲ್ಲದಾಗ ಮಾಡುವುದು ಮಾತ್ರ, ಇದರಿಂದ ಅಪಾಯ ಕಡಿಮೆಯಾಗುತ್ತದೆಯೇ ಹೊರತು ತಪ್ಪುವುದಿಲ್ಲ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರಾಟ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು.

ಒಂದು ಮಾತು ಹೇಳಿಬಿಡುತ್ತೇವೆ. ಜುಲೈಯ ಜಡಿಮಳೆಯಲ್ಲಿ ನಮ್ಮಲ್ಲಿ ಗುಡುಗು ಕಡಿಮೆ, ಗಾಳಿಯ ಅಬ್ಬರವೇ ಜಾಸ್ತಿ. ಸಿಡಿಲಿನ ಕಾಲವೆಂದರೆ ಮಳೆಗಾಲದ ಎರಡು ತುದಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಅದೂ ಹೆಚ್ಚಾಗಿ ಮಧ್ಯಾಹ್ನದ ನಂತರ. ಆ ತಿಂಗಳುಗಳಲ್ಲಿ ಸಂಜೆ ಓಟ ಇಟ್ಟುಕೊಂಡವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. ಸಿಡಿಲು ಎಷ್ಟು ಹತ್ತಿರ ಬಂದಿದೆ ಎಂದು ಅದು ತೋರಿಸುತ್ತದೆ.

ಕೊಡೆ ಹಿಡಿದು ಓಡಬಹುದೇ?
— ಮೂಡುಬಿದಿರೆ

ನಡೆಯುವುದಾದರೆ ಹಿಡಿಯಿರಿ. ಓಡುವವರು ಹಿಡಿದರೆ ಪಕ್ಕದವರ ಕಣ್ಣು ಹೋಗುತ್ತದೆ. ಮುಂದಕ್ಕೆ ಅಂಚು ಚಾಚಿದ ಟೊಪ್ಪಿ ಸಾಕು, ಕನ್ನಡಕ ಹಾಕುವವರಿಗೂ ಅದೇ ಮದ್ದು.

ಹೋದ ಸಲ ಮಳೆಯಲ್ಲಿ 10 ಕಿ.ಮೀ. ಓಡಿ ಕಾಲು ಪೂರ್ತಿ ಬೊಬ್ಬೆ, ತೊಡೆಯ ಸಂದು ಕೆಂಪಾಗಿ ಉರಿ. ಶೂ ಕೂಡ ಮೂರು ದಿನ ಒಣಗಲಿಲ್ಲ, ಆಮೇಲೆ ಅಡಿ ಬಿಟ್ಟುಕೊಂಡಿತು. ತಪ್ಪು ಎಲ್ಲಿ?
— ಸುರತ್ಕಲ್

ಮೂರಕ್ಕೂ ಮೂಲ ಒಂದೇ, ನೀರು ಕುಡಿದು ಬಿಡದ ಬಟ್ಟೆ. ಹತ್ತಿಯ ಸಾಕ್ಸ್ ಒದ್ದೆಯಾದರೆ ನೀರು ಹಿಡಿದಿಟ್ಟುಕೊಂಡು ಮಡಿಕೆ ಬೀಳುತ್ತದೆ. ನೆನೆದು ಮೆತ್ತಗಾದ ಚರ್ಮ ಆ ಮಡಿಕೆಗೆ ಉಜ್ಜಿ ಬೊಬ್ಬೆ ಬರುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತ, ಕಾಲಿಗೆ ಬಿಗಿಯಾಗಿ ಕೂರುವ ತೆಳು ಸಾಕ್ಸ್ ಹಾಕಿ. ಸಂಘಟಕರು ಹಿಂದಿನ ದಿನ ಕೊಟ್ಟ ಹೊಸ ಟೀ ಶರ್ಟ್ ಹತ್ತಿಯದಾದರೆ ಫೋಟೊಗೆ ಇರಲಿ, ಓಟಕ್ಕೆ ಬೇಡ.

ಉಜ್ಜುವ ಜಾಗಕ್ಕೆಲ್ಲ ಹೊರಡುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ ಹಚ್ಚಿ: ತೊಡೆಯ ಒಳಭಾಗ, ಕಂಕುಳು, ಹಿಮ್ಮಡಿ, ಬೆರಳ ಸಂದು, ಹೆಂಗಸರಾದರೆ ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿ ಕೂರುವಲ್ಲಿ. ತೆಂಗಿನೆಣ್ಣೆಯೂ ನಡೆಯುತ್ತದೆ, ಆದರೆ ಜೋರು ಮಳೆಯಲ್ಲಿ ಬೇಗ ತೊಳೆದುಹೋಗುತ್ತದೆ. ಗಂಡಸರಿಗೆ ಒದ್ದೆ ಅಂಗಿ ಉಜ್ಜಿ ಮೊಲೆತೊಟ್ಟಿನಲ್ಲಿ ರಕ್ತ ಬರುವುದುಂಟು. ಮೈ ಒಣಗಿರುವಾಗಲೇ ಮೈಕ್ರೊಪೋರ್ ಟೇಪಿನ ಎರಡು ತುಂಡು ಅಂಟಿಸಿದರೆ ಆಯಿತು.

ಇನ್ನು ಶೂ. ವಾಟರ್‌ಪ್ರೂಫ್ ಶೂ ನಮ್ಮ ಮಳೆಗೆ ಹಣ ದಂಡ. ನೀರು ಮೇಲಿನಿಂದ, ಕಣಕಾಲಿನ ಹತ್ತಿರ ಒಳಗೆ ಇಳಿಯುತ್ತದೆ, ಇಳಿದದ್ದು ಹೊರಗೆ ಹೋಗುವುದಿಲ್ಲ. ಬಲೆಬಟ್ಟೆಯ ಹಳೆಯ ಶೂ ಒಳ್ಳೆಯದು, ಅಡಿಯ ಗೀರು ಸವೆದಿರಬಾರದು ಅಷ್ಟೆ. ಲೇಸಿಗೆ ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ಸಿಕ್ಕಿಸಿ. ಓಟ ಮುಗಿಸಿ ಬಂದ ಕೂಡಲೇ ಲೇಸು ಸಡಿಲಿಸಿ, ಒಳಗಿನ ಮೆತ್ತೆ ಹೊರಗೆ ತೆಗೆದು, ಶೂವನ್ನು ಬರೀ ನೀರಲ್ಲಿ ತೊಳೆಯಿರಿ. ಹಳೆಯ ಪೇಪರ್ ಉಂಡೆ ಮಾಡಿ ಬೆರಳಿನ ತುದಿಯ ತನಕ ತುರುಕಿ. ಮೊದಲ ಮೂರು ಗಂಟೆ, ಗಂಟೆಗೊಮ್ಮೆ ಪೇಪರ್ ಬದಲಿಸಬೇಕು. ಅರ್ಧ ನೀರು ಆಗಲೇ ಹೋಗುತ್ತದೆ. ಆಮೇಲೆ ಪೇಪರ್ ತೆಗೆದು ಫ್ಯಾನಿನ ಎದುರು ಓರೆಯಾಗಿ ನಿಲ್ಲಿಸಿ. ನಿಮ್ಮ ಶೂ ಅಡಿ ಬಿಟ್ಟದ್ದು ಬಹುಶಃ ಒಲೆಯ ಹತ್ತಿರವೋ ಬಚ್ಚಲ ಹಂಡೆಯ ಬಳಿಯೋ ಇಟ್ಟದ್ದರಿಂದ. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಅಡಿಯ ಫೋಮ್ ಕುಗ್ಗುತ್ತದೆ.

ನೆನೆದುಕೊಂಡೇ ಓಡುವಾಗ ನೀರು ಕುಡಿಯುವುದು ಯಾಕೆ?
— ಕಾಪು

ಮಳೆ ಇದ್ದರೂ ಸೆಕೆ ಹೋಗಿರುವುದಿಲ್ಲವಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ. ಮೈ ಬಿಸಿಯಾಗಿಯೇ ಉಳಿದು ಇನ್ನಷ್ಟು ಬೆವರುತ್ತದೆ. ಮಳೆನೀರಿನ ಜೊತೆ ಅದೂ ಹರಿದು ಹೋಗುವುದರಿಂದ ಗೊತ್ತಾಗುವುದಿಲ್ಲ. 5 ಕಿ.ಮೀ.ಗೆ ನೀರು ಬೇಕೆಂದೇನೂ ಇಲ್ಲ. ಒಂದು ಗಂಟೆ ದಾಟುವ ಓಟಕ್ಕೆ ಗಂಟೆಗೆ 400ರಿಂದ 800 ಮಿ.ಲೀ. ಒಳಗೆ, ಬಾಯಾರಿಕೆ ನೋಡಿ ಕುಡಿಯಿರಿ. ದಾರಿಯಲ್ಲಿ ನೀರಿಟ್ಟ ಪ್ರತಿ ಮೇಜಿನ ಹತ್ತಿರವೂ ಲೋಟಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಬರುತ್ತದೆ. ನಿಮ್ಮ ಬೆವರಿನ ಲೆಕ್ಕ ಬೇಕಿದ್ದರೆ ಓಟದ ಮೊದಲು ಮತ್ತು ನಂತರ ತೂಕ ನೋಡಿ. ಎರಡು ಸಲವೂ ಒದ್ದೆ ಬಟ್ಟೆ ಕಳಚಿ, ಮೈ ಒರೆಸಿಕೊಂಡೇ ನೋಡಬೇಕು, ಇಲ್ಲದಿದ್ದರೆ ಅಂಗಿ ಕುಡಿದ ಮಳೆಯೂ ತೂಕಕ್ಕೆ ಸೇರುತ್ತದೆ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಹೋಗಿದೆ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಯಿತು.

ಮುಗಿದ ಮೇಲೆ ಉಪ್ಪು ಹಾಕಿದ ಕುಚಲಕ್ಕಿ ಗಂಜಿಯ ತಿಳಿ ಬಿಸಿಬಿಸಿ ಸಿಕ್ಕಿದರೆ ಅದಕ್ಕಿಂತ ಬೇರೆ ಬೇಡ. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆತಟ್ಟಿ ಅಳೆಯಿರಿ, ಉಪ್ಪು ಜಾಸ್ತಿಯಾದರೆ ಉಪಕಾರಕ್ಕಿಂತ ಉಪದ್ರವೇ ಹೆಚ್ಚು.

ನಮ್ಮ ಯುವಕ ಮಂಡಲದಿಂದ ಆಗಸ್ಟಿನಲ್ಲಿ 5 ಕಿ.ಮೀ. ಓಟ ಇಟ್ಟಿದ್ದೇವೆ. ಸುಮಾರು 300 ಜನ ಬರಬಹುದು. ಮಳೆ ಬಂದರೂ ನಡೆಸಬೇಕೆಂದಿದೆ. ಏನೇನು ನೋಡಿಕೊಳ್ಳಬೇಕು?
— ಬ್ರಹ್ಮಾವರದ ಹತ್ತಿರದಿಂದ

ದಾರಿಯಿಂದ ಶುರು ಮಾಡಿ. ಐದು ಕಿಲೋಮೀಟರ್ ನೇರ ಹೋಗುವ ದಾರಿಗಿಂತ ಎರಡೂವರೆ ಕಿ.ಮೀ.ಯ ಎರಡು ಸುತ್ತು ಒಳ್ಳೆಯದು. ಯಾರೂ ಶಾಲೆಯಿಂದಲೋ ಸಭಾಭವನದಿಂದಲೋ ಒಂದೂಕಾಲು ಕಿಲೋಮೀಟರಿಗಿಂತ ದೂರ ಇರುವುದಿಲ್ಲ, ಆಂಬುಲೆನ್ಸ್ ಒಂದೇ ಸಾಕು. ಕಡಲ ದಂಡೆಯ ರಸ್ತೆ, ಹೊಳೆಬದಿ, ರೈಲ್ವೆ ಕೆಳಸೇತುವೆ, ಗುಡ್ಡ ಕಡಿದು ಮಾಡಿದ ರಸ್ತೆಯ ಬದಿ, ಈ ನಾಲ್ಕನ್ನೂ ಆಗಸ್ಟಿನಲ್ಲಿ ಬಿಟ್ಟುಬಿಡಿ. ಹರಿಯುವ ನೀರು ಒಂದು ಗೇಣು ಇದ್ದರೂ ದೊಡ್ಡವರ ಕಾಲು ತಪ್ಪಿಸುತ್ತದೆ.

ಆ ದಾರಿಯನ್ನು ಮೂರು ಸಲ ನಡೆಯಿರಿ: ಒಂದು ವಾರ ಮೊದಲು, ಹಿಂದಿನ ಸಂಜೆ, ಓಟಕ್ಕೆ ಎರಡು ಗಂಟೆ ಮೊದಲು. ಬೈಕಿನಲ್ಲಿ ಹೋದರೆ ಕಾಣುವುದಿಲ್ಲ. ಮೊದಲ ಸಲ ರಸ್ತೆಗೆ ಬಾಗಿದ ತೆಂಗಿನಮರಗಳನ್ನು ಗುರುತಿಸಿ, ಮನೆಯವರ ಹತ್ತಿರ ಮಾತಾಡಿ ಒಣ ಮಡಲು, ಬೆಳೆದ ಕಾಯಿ ಇಳಿಸಿಬಿಡಿ. ಜಾರುವ ಜಾಗಗಳು ಇವು: ಪಾಚಿ ಹಿಡಿದ ಇಂಟರ್‌ಲಾಕ್, ಚರಂಡಿಯ ಚಪ್ಪಡಿ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ರಸ್ತೆಯ ಬಿಳಿ ಪಟ್ಟೆ, ಹಂಪಿನ ಬಣ್ಣ. ಮೀನಿನ ಲಾರಿ ನೀರು ಸುರಿಸಿಕೊಂಡು ಹೋಗುವ ರಸ್ತೆಯಾದರೆ ತಿರುವಿನಲ್ಲಿ ಎಣ್ಣೆ ಹಚ್ಚಿದ ಹಾಗೆ ಇರುತ್ತದೆ. ಇಂಥಲ್ಲಿ ಹೆಜ್ಜೆ ಗಿಡ್ಡ ಮಾಡಿ ಎಂದು ಹೊರಡುವ ಮೊದಲು ಮೈಕಿನಲ್ಲಿ ಹೇಳಿ. ನೀರು ನಿಂತ ಹೊಂಡಕ್ಕೆ ಸುಣ್ಣದ ಪುಡಿಯ ಗುರುತು ಐದು ನಿಮಿಷವೂ ಉಳಿಯದು. ಕೆಂಪು ಬಟ್ಟೆ ಹಿಡಿದ ಒಬ್ಬ ಮನುಷ್ಯನನ್ನೇ ನಿಲ್ಲಿಸಬೇಕು. 250 ಮೀಟರಿಗೊಬ್ಬ, ಪ್ರತಿ ತಿರುವಿಗೊಬ್ಬ ಎಂದು ಹಿಡಿದರೆ 15 ಜನವಾದರೂ ಬೇಕು. ಎಲ್ಲರಿಗೂ ಸೀಟಿ ಕೊಡಿ. ಮೂರು ಗಿಡ್ಡ ಸೀಟಿ ಕೇಳಿದರೆ ಓಟ ನಿಂತಿತು, ಹತ್ತಿರದ ಕಟ್ಟಡಕ್ಕೆ ಹೋಗಬೇಕು ಎಂಬುದು ಓಡುವವರಿಗೂ ಗೊತ್ತಿರಲಿ. ಆ ಕಟ್ಟಡಗಳ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಇದನ್ನೇ ಹೆಚ್ಚಿನವರು ಮರೆಯುತ್ತಾರೆ.

ಗಾಳಿ ತುಂಬಿಸುವ ಕಮಾನು ಬೇಡ ಎಂಬುದು ನಮ್ಮ ಅಭಿಪ್ರಾಯ. ಇಂಥ ಗಾಳಿಚೀಲದ ಸಾಮಾನಿಗೆ ಗಂಟೆಗೆ 38 ಕಿ.ಮೀ. ಗಾಳಿಯೇ ಮಿತಿ ಎಂದು ಹಿಡಿಯುತ್ತಾರೆ, ಆಗಸ್ಟಿನಲ್ಲಿ ಅದನ್ನು ದಾಟಲು ಒಂದು ಬೀಸುಗಾಳಿ ಸಾಕು. ಮೇಲೆ ನೀರು ನಿಂತು ಭಾರಕ್ಕೆ ಕುಸಿಯುವುದೂ ಇದೆ, ಬ್ಲೋವರಿನ ವಯರು ಕೆಸರಲ್ಲಿ ಬಿದ್ದಿರುವುದು ಬೇರೆ. ಎರಡು ಬಿದಿರು, ನಡುವೆ ಒಂದು ಬಟ್ಟೆ, ಅದಕ್ಕೆ ಗಾಳಿ ಹೋಗಲು ನಾಲ್ಕೈದು ಸೀಳು. ಚಂದವೂ ಕಾಣುತ್ತದೆ. ಮೈಕ್ ಸೆಟ್ಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರುವ ಬೋರ್ಡಿನಿಂದಲೇ ಲೈನ್ ಎಳೆಯಲು ಹೇಳಿ, ವಯರಿನ ಜೋಡಣೆಗಳನ್ನು ನೆಲದಿಂದ ಮೇಲೆ ಕಟ್ಟಿಸಿ. ದಾರಿಯಲ್ಲಿ ವಿದ್ಯುತ್ ತಂತಿ ಬಿದ್ದದ್ದು ಕಂಡರೆ 10 ಮೀಟರ್ ಒಳಗೆ ಯಾರನ್ನೂ ಬಿಡದೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ಆಗಲೇ ಹತ್ತಿರ ಹೋಗಿಬಿಟ್ಟವರು ಪಾದ ಎತ್ತದೆ, ಎರಡೂ ಪಾದ ಜೋಡಿಸಿಕೊಂಡೇ ಸರಿಯುತ್ತ ಹಿಂದೆ ಬರಬೇಕು. ಒದ್ದೆ ನೆಲದಲ್ಲಿ ಉದ್ದ ಹೆಜ್ಜೆ ಇಟ್ಟರೆ ಎರಡು ಕಾಲಿನ ನಡುವೆಯೇ ಕರೆಂಟು ಹರಿಯುತ್ತದೆ.

ನೀರು: 300 ಜನಕ್ಕೆ 150 ಮಿ.ಲೀ.ನ ಎರಡು ಲೋಟದಂತೆ 90 ಲೀಟರ್. 20 ಲೀಟರಿನ ಆರು ಕ್ಯಾನ್ ತರಿಸಿ. ಲೋಟಗಳನ್ನು ಮೊದಲೇ ಸಾಲಾಗಿ ಇಟ್ಟರೆ ಹಾರಿಹೋಗುತ್ತವೆ, ಕೈಗೆ ಕೊಡುವಾಗಲೇ ತುಂಬಿಸಬೇಕು. ಹೆಸರಿನ ಪಟ್ಟಿಗೆ ಪೆನ್ಸಿಲ್ ಬಳಸಿ, ಜೆಲ್ ಪೆನ್ನು ಒಂದು ಹನಿಗೆ ಹರಡುತ್ತದೆ. ಹೊರಟವರ ನಂಬರ್ ಬರೆದುಕೊಂಡು, ಬಂದವರ ನಂಬರಿಗೆ ಗೆರೆ ಎಳೆಯಿರಿ. ಮಧ್ಯದಲ್ಲಿ ಬಿಟ್ಟು ಮನೆಗೆ ಹೋದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಹುಡುಕಲು ಮಳೆಯಲ್ಲಿ ಊರೆಲ್ಲ ಸುತ್ತಬೇಕಾಗುತ್ತದೆ. ಬಿಡುವವರು ಹೇಳಿಯೇ ಹೋಗಬೇಕು ಎಂದು ಫಾರಂನಲ್ಲೇ ಬರೆದಿಡಿ. ರದ್ದಾದರೆ ಶುಲ್ಕ ವಾಪಸ್ ಇದೆಯೋ ಇಲ್ಲವೋ ಎಂಬುದೂ ಅಲ್ಲೇ ಇರಲಿ.

ಬಂದವರಿಗೆ ತಣ್ಣನೆ ಜ್ಯೂಸ್ ಬೇಡ, ಬಿಸಿ ಚಹಾ ಕೊಡಿ. 23–24 ಡಿಗ್ರಿಯಲ್ಲಿ ಚಳಿ ಏನು ಎನ್ನಬೇಡಿ. ಒದ್ದೆ ಬಟ್ಟೆ, ಜೋರು ಗಾಳಿ, ನಿಂತ ಕಾಲು, ಮೂರೂ ಸೇರಿದರೆ ಹತ್ತು ನಿಮಿಷದಲ್ಲಿ ನಡುಕ ಹಿಡಿಯುತ್ತದೆ. ಗಾಳಿ ಬೀಸದ ಒಂದು ಕೋಣೆ ಬಟ್ಟೆ ಬದಲಿಸಲಿಕ್ಕೆ, ಹೆಂಗಸರಿಗೆ ಬೇರೆಯೇ ಒಂದು. ಬೈರಾಸು, ಒಣ ಬಟ್ಟೆ ತರಲು ಹಿಂದಿನ ದಿನ ಮೆಸೇಜ್ ಹಾಕಿ. ಮಾತು ತೊದಲಿದರೆ, ಹೆಜ್ಜೆ ಎಡವಿದರೆ ಅವರನ್ನು ಒಬ್ಬರೇ ಬೈಕಿನಲ್ಲಿ ಮನೆಗೆ ಕಳಿಸಬಾರದು.

ಕೊನೆಗೆ, ರದ್ದು ಮಾಡುವ ಅಧಿಕಾರ ಒಬ್ಬರ ಕೈಯಲ್ಲಿರಲಿ. ಬೆಳಿಗ್ಗೆ ನಾಲ್ಕೂವರೆಗೆ ಹನ್ನೊಂದು ಜನರ ಸಮಿತಿ ಕೂತರೆ ಟ್ರೋಫಿಗೆ ಕೊಟ್ಟ ಹಣದ ಮಾತೇ ಮುಂದೆ ಬರುತ್ತದೆ.

ಓಟದ ದಾರಿಯಲ್ಲಿ ಮೊಣಕಾಲ ತನಕ ನೀರಿತ್ತು, ದಾಟಿಕೊಂಡು ಓಡಿದೆ. ಕಾಲಲ್ಲಿ ಸಣ್ಣ ಗೀರು ಗಾಯ ಇತ್ತು. ಹೆದರಬೇಕೇ?
— ಕೊಟ್ಟಾರ, ಮಂಗಳೂರು

ಹೆದರುವುದು ಬೇಡ, ಎರಡು ವಾರ ಎಚ್ಚರದಿಂದಿರಿ. ಚರಂಡಿ ಬೆರೆತ ನೀರಲ್ಲಿ ಇಲಿಯ ಮೂತ್ರವೂ ಇರುತ್ತದೆ, ಗಾಯದ ಮೂಲಕ ಇಲಿಜ್ವರ ಬರುವುದು ಹಾಗೆ. ಆ ದಿನವೇ ಸೋಪು ಹಾಕಿ ತೊಳೆದಿದ್ದೀರಿ ಅಂದುಕೊಳ್ಳುತ್ತೇವೆ. ಟಿಟಿ ಚುಚ್ಚಿಸಿ ಐದು ವರ್ಷ ಕಳೆದಿದ್ದರೆ ವೈದ್ಯರಿಗೆ ತೋರಿಸಿ. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಬೇಕೇ ಎಂಬುದನ್ನೂ ಅವರೇ ಹೇಳಲಿ, ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ಇಲಿಜ್ವರ ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಕಾಣಿಸಿಕೊಳ್ಳುತ್ತದೆ: ಜ್ವರ, ತಲೆನೋವು, ಕೆಂಪು ಕಣ್ಣು, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು. ಓಡುವವರು ಮೋಸಹೋಗುವುದು ಈ ಕೊನೆಯದಕ್ಕೆ. ಓಟದ ನೋವು ಎರಡನೇ ದಿನ ಜೋರಾಗಿ, ನಾಲ್ಕೈದು ದಿನದಲ್ಲಿ ಇಳಿಯುತ್ತದೆ, ಅದಕ್ಕೆ ಜ್ವರ ಇರುವುದಿಲ್ಲ. ಇಳಿದ ನೋವು ವಾರದ ನಂತರ ಜ್ವರದ ಜೊತೆ ಮತ್ತೆ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ನೀರಲ್ಲಿ ಓಡಿದ ಸಂಗತಿಯನ್ನು ಮೊದಲು ಹೇಳಿ. ಅಲ್ಲಿಯ ತನಕ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆಂದು ಇಟ್ಟುಕೊಂಡ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ. ಜ್ವರ ಡೆಂಗ್ಯೂ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸುತ್ತವೆ, ಇಲಿಜ್ವರವಾಗಿದ್ದರೆ ಮೂತ್ರಪಿಂಡಕ್ಕೆ ಕಷ್ಟ.

ಮೊಬೈಲ್ ಜಿಪ್ ಕವರಿನಲ್ಲಿ ಇಟ್ಟಿದ್ದೆ, ಆದರೂ ಒದ್ದೆಯಾಗಿ ಚಾರ್ಜ್ ಆಗುತ್ತಿಲ್ಲ. ಅಕ್ಕಿಯಲ್ಲಿ ಹುಗಿದಿಡಲೇ?
— ಮಣಿಪಾಲ

ಅಕ್ಕಿ ಗಂಜಿಗೆ ಇರಲಿ, ಅದರ ಧೂಳು ಚಾರ್ಜಿಂಗ್ ತೂತಿಗೆ ಸೇರುತ್ತದೆ. ಕವರಿನೊಳಗೆ ನೀರು ಹೋಗಿರಲಿಕ್ಕಿಲ್ಲ. ಮೈಯ ಬಿಸಿಗೆ ಒಳಗಿನ ಗಾಳಿಯ ತೇವವೇ ಹನಿಯಾಗಿರಬಹುದು. ತೂತು ಕೆಳಗಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಒಂದು ರಾತ್ರಿ ಇಡಿ. ಅಲ್ಲಿಯ ತನಕ ಚಾರ್ಜರ್ ಸಿಕ್ಕಿಸಬೇಡಿ. ಮುಂದಿನ ಸಲ ಕವರಿನೊಳಗೆ ಫೋನನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಡಿ. ಮನೆಯವರ ನಂಬರನ್ನು ಎದೆಗೆ ಸಿಕ್ಕಿಸುವ ನಂಬರ್ ಚೀಟಿಯ, ಅಂದರೆ ಬಿಬ್‌ನ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದಿಡಿ. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಓಗೊಡುವುದಿಲ್ಲ.